ಪಿಯಾನೊ ಮಾರಿದ ಪ್ರಧಾನಿ: ಪಾದೆರೆವ್ಸ್ಕಿ ಸಹಿಯ ಕಥೆ

1908ರಲ್ಲಿ ಅಮೆರಿಕದ ಪತ್ರಿಕೆಗಳ ಜಾಹೀರಾತು ಪುಟಗಳಲ್ಲಿ ಒಂದು ಪತ್ರ ಅಚ್ಚಾಯಿತು. ಅದರ ಕೆಳಗಿದ್ದುದು ಅಂದು ಜಗತ್ತಿನಲ್ಲೇ ಅತ್ಯಂತ ಹೆಚ್ಚು ಸಂಭಾವನೆ ಪಡೆಯುವ ಪಿಯಾನೊ ವಾದಕರಲ್ಲಿ ಒಬ್ಬರಾಗಿದ್ದ ಇಗ್ನಾಸಿ ಯಾನ್ ಪಾದೆರೆವ್ಸ್ಕಿ ಅವರ ಸಹಿ. ಇಡೀ ಋತುವಿನ ಕಛೇರಿಗಳು ಮುಗಿದರೂ ತಮಗೆ ಆಯಾಸವಾಗಿಲ್ಲ, ಬೆರಳು ನೋಯುತ್ತಿಲ್ಲ, ತೋಳು ಸೋತಿಲ್ಲ. ಹೀಗಾಗುತ್ತಿರುವುದು ಇದೇ ಮೊದಲು, ಇದಕ್ಕೆಲ್ಲ ವೆಬರ್ ಕಂಪೆನಿಯ ಪಿಯಾನೊದ ಶ್ರೇಷ್ಠತೆಯೇ ಕಾರಣ ಎಂಬುದು ಪತ್ರದ ಸಾರಾಂಶ. ಓದಿದವರಲ್ಲಿ ಅನೇಕರು ಹುಬ್ಬೇರಿಸಿರಬೇಕು. ಏಕೆಂದರೆ ಅದಕ್ಕೂ ಮುಂಚಿನ ಹದಿನೈದು ವರ್ಷಗಳಲ್ಲಿ ಇದೇ ಪಾದೆರೆವ್ಸ್ಕಿ ಇದೇ ಅಮೆರಿಕದ ಊರೂರು ಸುತ್ತಿದ್ದು ಸ್ಟೈನ್‌ವೇ ಪಿಯಾನೊದೊಂದಿಗೆ. ಸ್ಟೈನ್‌ವೇ ಎಂದರೆ ಪಾದೆರೆವ್ಸ್ಕಿ, ಪಾದೆರೆವ್ಸ್ಕಿ ಎಂದರೆ ಸ್ಟೈನ್‌ವೇ ಎಂಬಷ್ಟು ಆ ಎರಡು ಹೆಸರುಗಳು ಬೆಸೆದುಕೊಂಡಿದ್ದವು.

ಈ ಪತ್ರ ಪ್ರಕಟವಾದ ಹನ್ನೊಂದನೇ ವರ್ಷಕ್ಕೆ ಅದೇ ಕೈ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಪೋಲೆಂಡ್ ದೇಶದ ಪ್ರಧಾನಿಯಾಗಿ ಸಹಿ ಹಾಕಿತು. ಸಂಗೀತಗಾರನೊಬ್ಬ ಪ್ರಧಾನಿಯಾದ ಕಥೆಯನ್ನು ಹಲವರು ಹೇಳಿದ್ದಾರೆ. ಆತನ ಹೆಸರು ಹೇಗೆ ಮೊದಲು ಪಿಯಾನೊ ಅಂಗಡಿಗಳ ಸೊತ್ತಾಗಿ, ಆಮೇಲೆ ಒಂದು ದೇಶದ ಸೊತ್ತಾಯಿತು ಎಂಬ ಕಥೆ ಅಷ್ಟಾಗಿ ಕೇಳಿಬಂದಿಲ್ಲ.

ಅನಾಥ ಬಾಲ್ಯ

ಪಾದೆರೆವ್ಸ್ಕಿ ಜನಿಸಿದ್ದು 1860ರ ನವೆಂಬರ್‌ನಲ್ಲಿ, ಪೊಡೋಲಿಯಾ ಪ್ರಾಂತ್ಯದ ಕುರಿಲುವ್ಕಾ ಎಂಬ ಹಳ್ಳಿಯಲ್ಲಿ. ಆ ಪ್ರದೇಶ ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು, ಇಂದು ಉಕ್ರೇನ್‌ನಲ್ಲಿದೆ. ಪೋಲೆಂಡ್ ಎಂಬ ದೇಶವೇ ಆಗ ಭೂಪಟದಲ್ಲಿ ಇರಲಿಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಅದನ್ನು ಮೂರು ಪಾಲು ಮಾಡಿಕೊಂಡಿದ್ದವು. ತಂದೆ ಜಮೀನ್ದಾರರ ಎಸ್ಟೇಟುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು. ತಾಯಿ ಹೆರಿಗೆಯಾದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ರಷ್ಯಾ ವಿರುದ್ಧ 1863ರಲ್ಲಿ ನಡೆದ ಪೋಲಿಷ್ ಬಂಡಾಯದ ಸಂದರ್ಭದಲ್ಲಿ ತಂದೆ ಬಂಧನಕ್ಕೊಳಗಾದರು. ಮೂರು ವರ್ಷದ ಮಗು ಕೆಲಕಾಲ ಬಂಧುಗಳ ಆಶ್ರಯದಲ್ಲಿ ಬೆಳೆಯಬೇಕಾಯಿತು.

ಹನ್ನೆರಡನೇ ವಯಸ್ಸಿಗೆ ವಾರ್ಸಾ ಸಂಗೀತ ಶಾಲೆ ಸೇರಿದ ಹುಡುಗ 1878ರಲ್ಲಿ ಅಲ್ಲಿಂದ ತೇರ್ಗಡೆಯಾಗಿ ಅಲ್ಲೇ ಪಾಠ ಹೇಳಿಕೊಡತೊಡಗಿದ. 1880ರಲ್ಲಿ ಆಂಟೊನಿನಾ ಎಂಬಾಕೆಯೊಡನೆ ವಿವಾಹವಾಯಿತು. ಮಗ ಹುಟ್ಟಿದ ಸ್ವಲ್ಪ ಕಾಲದಲ್ಲೇ ಪತ್ನಿ ಅಸುನೀಗಿದರು. ಆ ಮಗ ಅಂಗವಿಕಲನಾಗಿಯೇ ಬೆಳೆದು 1901ರಲ್ಲಿ ಮೃತನಾದ. ಇಪ್ಪತ್ತರ ವಯಸ್ಸಿಗೇ ವಿಧುರನಾದ ತರುಣ ಬರ್ಲಿನ್‌ನಲ್ಲಿ ಸಂಗೀತ ರಚನೆಯನ್ನು ಅಭ್ಯಸಿಸಿ, 1884ರಲ್ಲಿ ವಿಯೆನ್ನಾಕ್ಕೆ ಹೋಗಿ ಥಿಯೋಡರ್ ಲೆಶೆಟಿಟ್ಸ್ಕಿ ಎಂಬ ಖ್ಯಾತ ಗುರುವಿನ ಶಿಷ್ಯರಾದರು. ಕಛೇರಿ ವಾದಕನಾಗಲು ವಯಸ್ಸು ಮೀರಿತ್ತು. ಬಾಲ ಪ್ರತಿಭೆಗಳಿಂದ ತುಂಬಿದ್ದ ಆ ಲೋಕದಲ್ಲಿ ಇಪ್ಪತ್ತನಾಲ್ಕು ವರ್ಷದವನು ಮೊದಲಿನಿಂದ ಬೆರಳು ತಿದ್ದಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಈ ಕೊರತೆಯನ್ನು ಅವರು ದಿನಗಟ್ಟಲೆ, ರಾತ್ರಿಗಟ್ಟಲೆ ಸಾಧನೆಯಿಂದ ತುಂಬಿಕೊಂಡರು. ಮುಂದೆ ಅವರು ಯಾವ ಯಂತ್ರಕ್ಕೆ ಪ್ರಶಂಸಾಪತ್ರ ಕೊಟ್ಟರು ಎಂಬುದನ್ನು ನೋಡುವಾಗ ಈ ಸಂಗತಿ ನೆನಪಿನಲ್ಲಿರಬೇಕು.

1888ರ ಪ್ಯಾರಿಸ್ ಕಛೇರಿ ಪಾದೆರೆವ್ಸ್ಕಿ ಅವರನ್ನು ಒಂದೇ ಸಂಜೆಯಲ್ಲಿ ಪ್ರಸಿದ್ಧಿಗೆ ತಂದಿತು. ಅದು ನಡೆದದ್ದು ಎರಾರ್ ಸಭಾಂಗಣದಲ್ಲಿ. ಎರಾರ್ ಎಂದರೆ ಫ್ರಾನ್ಸ್‌ನ ಹಳೆಯ ಪಿಯಾನೊ ತಯಾರಕ ಸಂಸ್ಥೆ. ಸಭಾಂಗಣ ಅದರದೇ, ವೇದಿಕೆಯ ಮೇಲಿನ ವಾದ್ಯವೂ ಅದರದೇ. ಯೂರೋಪಿನಲ್ಲಿ ಅಂದು ಪಿಯಾನೊ ಕಾರ್ಖಾನೆಗಳು ಬರೀ ವಾದ್ಯ ತಯಾರಿಸುತ್ತಿರಲಿಲ್ಲ. ಸಭಾಂಗಣ ಕಟ್ಟಿ, ಕಛೇರಿ ಏರ್ಪಡಿಸಿ, ಕಲಾವಿದನನ್ನು ಬೆಳೆಸಿ, ಅವನ ಕೀರ್ತಿಯ ಮೇಲೆ ವಾದ್ಯ ಮಾರುತ್ತಿದ್ದವು. 1890ರಲ್ಲಿ ಲಂಡನ್‌ಗೆ ಪಾದೆರೆವ್ಸ್ಕಿ ಅವರನ್ನು ಕರೆತಂದ ಡೇನಿಯಲ್ ಮೇಯರ್ ಕೂಡ ಎರಾರ್ ಸಂಸ್ಥೆಗೆ ಸಂಬಂಧಪಟ್ಟವರೇ. ಪ್ಯಾರಿಸ್ಸಿನ ಸಿಂಹ ಬರುತ್ತಿದೆ ಎಂಬ ಅರ್ಥದಲ್ಲಿ ಮೇಯರ್ ಮಾಡಿದ ಪ್ರಚಾರ ಲಂಡನ್ನಿನ ವಿಮರ್ಶಕರಿಗೆ ಹಿಡಿಸಲಿಲ್ಲ. ಮೊದಲ ಕಛೇರಿಗೆ ಜನವೂ ಹೆಚ್ಚಿರಲಿಲ್ಲ, ಪತ್ರಿಕೆಗಳೂ ಚುಚ್ಚಿದವು. ಆ ಜಾಹೀರಾತಿನಿಂದ ಪಾದೆರೆವ್ಸ್ಕಿ ಸ್ವತಃ ಮುಜುಗರಪಟ್ಟರೆಂದು ಅವರ ಆತ್ಮಕಥನದಿಂದ ತಿಳಿಯುತ್ತದೆ. ಪ್ರಚಾರದ ರುಚಿಯನ್ನೂ ಕಹಿಯನ್ನೂ ಅವರು ಒಟ್ಟಿಗೇ ಕಂಡದ್ದು ಅಲ್ಲಿ.

ಮೂವತ್ತು ಸಾವಿರ ಡಾಲರ್ ಭರವಸೆ

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇದೇ ವ್ಯವಸ್ಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ನ್ಯೂಯಾರ್ಕಿನ ಸ್ಟೈನ್‌ವೇ ಸಂಸ್ಥೆ 1872ರಲ್ಲೇ ರಷ್ಯಾದ ಆಂಟನ್ ರೂಬಿನ್‌ಸ್ಟೈನ್ ಅವರನ್ನು ಕರೆಸಿ 215 ಕಛೇರಿಗಳ ಪ್ರವಾಸ ಮಾಡಿಸಿತ್ತು. ಕಲಾವಿದ ಹೋದ ಊರಿಗೆಲ್ಲ ಪಿಯಾನೊ ಹೋಗುತ್ತಿತ್ತು. ಕಲಾವಿದ ಮರಳಿದ ಮೇಲೂ ಅಂಗಡಿ ಉಳಿಯುತ್ತಿತ್ತು. ಹೆಸರಾಂತರಿಂದ ಪ್ರಶಂಸಾಪತ್ರ ಬರೆಸಿಕೊಳ್ಳುವುದು ಆ ಉದ್ಯಮದ ಮಾಮೂಲು. ಫ್ರಾಂಜ್ ಲಿಸ್ಟ್ ಅವರಂಥ ಮಹಾನ್ ಸಂಗೀತಗಾರ ಎರಾರ್, ಬೋಸೆನ್‌ಡಾರ್ಫರ್, ಬೆಖ್‌ಸ್ಟೈನ್, ಚಿಕರಿಂಗ್, ಸ್ಟೈನ್‌ವೇ ಹೀಗೆ ಪರಸ್ಪರ ಪೈಪೋಟಿಗಿಳಿದಿದ್ದ ಎಲ್ಲರನ್ನೂ ಧಾರಾಳವಾಗಿ ಹೊಗಳಿದ್ದರು. ಎಲ್ಲವೂ ಶ್ರೇಷ್ಠವಾದರೆ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ ಗಿರಾಕಿಗೇ ಉಳಿಯುತ್ತಿತ್ತು.

1891ರಲ್ಲಿ ಸ್ಟೈನ್‌ವೇ ಪಾದೆರೆವ್ಸ್ಕಿ ಅವರಿಗೆ 80 ಕಛೇರಿಗಳಿಗೆ 30,000 ಡಾಲರ್‌ಗಳ ಭರವಸೆ ನೀಡಿತು. ನವೆಂಬರ್ 17ರಂದು, ಅದೇ ವರ್ಷ ಬಾಗಿಲು ತೆರೆದಿದ್ದ ಕಾರ್ನೆಗಿ ಸಭಾಂಗಣದಲ್ಲಿ ಮೊದಲ ಕಛೇರಿ. ವಾದ್ಯವೃಂದದೊಂದಿಗೆ ಬೆನ್ನುಬೆನ್ನಿಗೆ ಕಛೇರಿಗಳು ನಿಗದಿಯಾಗಿದ್ದವು, ಒಂದೊಂದಕ್ಕೂ ಬೇರೆ ಬೇರೆ ಕೃತಿಗಳು. ಅಭ್ಯಾಸಕ್ಕೆ ಸಮಯವೇ ಇಲ್ಲ. ತಂಗಿದ್ದ ಹೋಟೆಲಿನಲ್ಲಿ ರಾತ್ರಿ ನುಡಿಸಿದರೆ ಇತರರು ದೂರುತ್ತಿದ್ದರು. ಕೊನೆಗೆ ಅವರು ಕತ್ತಲಾದ ಮೇಲೆ ಸ್ಟೈನ್‌ವೇ ಮಳಿಗೆಗೆ ಹೋಗಿ, ಸಾಲಾಗಿ ನಿಂತ ಪಿಯಾನೊಗಳ ನಡುವೆ ಬೆಳಗಿನವರೆಗೆ ಸಾಧನೆ ಮಾಡಿದರು. ಮಾರಾಟಕ್ಕಿಟ್ಟ ವಾದ್ಯಗಳ ನಡುವೆ ಒಬ್ಬಂಟಿಯಾಗಿ ಕುಳಿತ ಈ ಮನುಷ್ಯನ ಚಿತ್ರ ಮಾತ್ರ ಯಾವ ಜಾಹೀರಾತಿಗೂ ಬರಲಿಲ್ಲ.

ಮುಂದಿನದು ಇನ್ನೂ ವಿಚಿತ್ರ. ಪಿಯಾನೊದ ಕೀಲಿಯನ್ನು ಒತ್ತಿದಾಗ ಒಳಗಿನ ಸುತ್ತಿಗೆ ಚಿಮ್ಮಿ ತಂತಿಗೆ ಬಡಿಯುತ್ತದೆ. ಆ ಕೀಲಿ ಎಷ್ಟು ಹಗುರವಾಗಿ ಅಥವಾ ಬಿಗಿಯಾಗಿ ಇಳಿಯಬೇಕು ಎಂಬುದನ್ನು ನುರಿತ ಕುಶಲಕರ್ಮಿ ಹೊಂದಿಸಬಲ್ಲ. ಎರಾರ್‌ನ ಹಗುರ ಕೀಲಿಗಳಿಗೆ ಒಗ್ಗಿದ್ದ ಪಾದೆರೆವ್ಸ್ಕಿ ಅವರಿಗೆ ಅಮೆರಿಕದ ದೊಡ್ಡ ಸಭಾಂಗಣಗಳಿಗೆಂದು ತಯಾರಾದ ಸ್ಟೈನ್‌ವೇ ತೀರಾ ಬಿಗಿಯೆನಿಸಿತು. ಅವರ ಕೋರಿಕೆಯಂತೆ ಅದನ್ನು ಹಗುರಗೊಳಿಸಲಾಯಿತು. ಆದರೆ ಪ್ರವಾಸದ ನಡುವೆ ಸಂಸ್ಥೆಯ ಕಡೆಯವರು ಅದನ್ನು ಅವರಿಗೆ ತಿಳಿಸದೆ ಮತ್ತೆ ಬಿಗಿಗೊಳಿಸಿದರು ಎಂಬುದು ಪಾದೆರೆವ್ಸ್ಕಿ ಆತ್ಮಕಥನದ ಆರೋಪ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಕಛೇರಿ ಆರಂಭಿಸಿ ಮೊದಲ ಸ್ವರಗುಚ್ಛಗಳನ್ನು ಬಲವಾಗಿ ನುಡಿಸಿದ ಕ್ಷಣದಲ್ಲೇ ಬಲಗೈಯಲ್ಲಿ ಏನೋ ಹರಿದಂತಾಯಿತು. ಉಂಗುರದ ಬೆರಳು ಕೆಲಸ ಮಾಡದಾಯಿತು. ವೈದ್ಯರು ವಿಶ್ರಾಂತಿ ಸೂಚಿಸಿದರು. ಒಪ್ಪಂದ ಬಿಡುವಂತಿರಲಿಲ್ಲ. ಉಳಿದ ಕಛೇರಿಗಳಿಗಾಗಿ ಅವರು ಬಲಗೈಯ ನಾಲ್ಕೇ ಬೆರಳುಗಳಲ್ಲಿ ನುಡಿಸುವ ಉಪಾಯ ಕಂಡುಕೊಂಡರು. ಆ ಬೆರಳು ಮೊದಲಿನ ಶಕ್ತಿಯನ್ನು ಮತ್ತೆಂದೂ ಪಡೆಯಲಿಲ್ಲ.

ಯಾವ ವಾದ್ಯದ ಹೆಸರು ಜಾಹೀರಾತಿನಲ್ಲಿ ತಮ್ಮ ಹೆಸರಿನ ಪಕ್ಕದಲ್ಲಿತ್ತೋ ಅದೇ ವಾದ್ಯದಿಂದ ಆದ ಗಾಯ ಇದು. ಪತ್ರಿಕೆಗಳಲ್ಲಿ ಸ್ಟೈನ್‌ವೇ-ಪಾದೆರೆವ್ಸ್ಕಿ ಜೋಡಿಯ ಗುಣಗಾನ ನಡೆದೇ ಇತ್ತು. ಮೊದಲ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ಕಛೇರಿಗಳಾದವು, ಮರುವರ್ಷವೇ ಎರಡನೇ ಪ್ರವಾಸ. ಆ ಎರಡನೇ ಪ್ರವಾಸದ ಒಂದು ಸ್ಟೈನ್‌ವೇ ಪಿಯಾನೊ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕ ಇತಿಹಾಸ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. 1892–93ರ ಋತುವಿನಲ್ಲಿ ಈ ವಾದ್ಯವನ್ನು 75 ಕಛೇರಿಗಳಲ್ಲಿ ನುಡಿಸಿರುವುದಾಗಿ ಅದರ ಒಳಗಿನ ಲೋಹದ ಚೌಕಟ್ಟಿನ ಮೇಲೆ ಪಾದೆರೆವ್ಸ್ಕಿ ಬರೆದು ಸಹಿ ಮಾಡಿದ್ದಾರೆ.

ಇದೇ ಅವಧಿಯಲ್ಲಿ ಯೂರೋಪಿಗೆ ಮರಳಿದಾಗಲೆಲ್ಲ ಅವರು ನುಡಿಸುತ್ತಿದ್ದುದು ಎರಾರ್. ಕಡಲ ಈಚೆಗೆ ಒಂದು, ಆಚೆಗೆ ಇನ್ನೊಂದು. ಇದರಲ್ಲಿ ಅಂದಿನವರಿಗೆ ಅಸಹಜವೇನೂ ಕಾಣಲಿಲ್ಲ. ಒಂದು ಖಂಡದ ಪತ್ರಿಕೆ ಇನ್ನೊಂದು ಖಂಡದ ಸಾಮಾನ್ಯ ಓದುಗನ ಕೈಸೇರದ ಕಾಲದಲ್ಲಿ ಇಂಥ ದ್ವಂದ್ವ ನಿರಾತಂಕವಾಗಿ ಬದುಕಬಲ್ಲದು.

ಶಿಕಾಗೋದಲ್ಲಿ ಪಿಯಾನೊ ಸಮರ

1893ರ ಮೇ 1ರಂದು ಶಿಕಾಗೋದಲ್ಲಿ ವಿಶ್ವ ಕೊಲಂಬಿಯನ್ ಪ್ರದರ್ಶನ ಆರಂಭವಾಯಿತು. ಸ್ವಾಮಿ ವಿವೇಕಾನಂದರು ಅದೇ ಸೆಪ್ಟೆಂಬರಿನಲ್ಲಿ ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಈ ಪ್ರದರ್ಶನದ ಅಂಗವಾಗಿಯೇ ನಡೆದದ್ದು. ಪ್ರದರ್ಶನದಲ್ಲಿ ಪದಕ ನೀಡುವ ಕ್ರಮ ಮತ್ತು ಸ್ಥಳ ಹಂಚಿಕೆ ಕುರಿತು ಅಸಮಾಧಾನಗೊಂಡ ಸ್ಟೈನ್‌ವೇ ಹಾಗೂ ಪೂರ್ವ ರಾಜ್ಯಗಳ ಇತರ ಹಲವು ತಯಾರಕರು ಭಾಗವಹಿಸದೆ ಹಿಂದೆ ಸರಿದಿದ್ದರು. ಪ್ರದರ್ಶನದಲ್ಲಿ ಮಳಿಗೆ ಹಾಕದವರ ವಾದ್ಯವನ್ನು ಆವರಣದೊಳಗೆ ಬಳಸಕೂಡದು ಎಂದು ಅಧಿಕಾರಿಗಳು ಪಟ್ಟುಹಿಡಿದರು. ಶಿಕಾಗೋದ ಸ್ಥಳೀಯ ತಯಾರಕರು ಲಕ್ಷಾಂತರ ಪ್ರೇಕ್ಷಕರ ಮೇಲೆ ಕಣ್ಣಿಟ್ಟು ಹಣ ಸುರಿದಿದ್ದರು. ಹೊರಗೆ ಉಳಿದ ಪ್ರತಿಸ್ಪರ್ಧಿ ವೇದಿಕೆಯ ಮೇಲೆ ಮಿಂಚುವುದನ್ನು ಅವರು ಸಹಿಸುವುದು ಹೇಗೆ?

ಉದ್ಘಾಟನಾ ಕಛೇರಿಗಳಿಗೆ ಆಹ್ವಾನಿತರಾಗಿದ್ದವರು ಪಾದೆರೆವ್ಸ್ಕಿ. ಅವರು ಸಂಭಾವನೆಯಿಲ್ಲದೆ ನುಡಿಸಲು ಒಪ್ಪಿದ್ದರು, ಆದರೆ ನುಡಿಸುವುದು ಸ್ಟೈನ್‌ವೇ ಮಾತ್ರ. ಕೈ ಇನ್ನೂ ಪೂರ್ತಿ ಗುಣವಾಗಿರಲಿಲ್ಲ, ಪರಿಚಯವಿಲ್ಲದ ವಾದ್ಯದ ಮೇಲೆ ಪ್ರಯೋಗ ಮಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಸಂಗೀತ ನಿರ್ದೇಶಕ ಥಿಯೋಡರ್ ಥಾಮಸ್ ಕಲಾವಿದನ ಪರ ನಿಂತರು. ಮೇ 2 ಮತ್ತು 3ರಂದು ನಿಷೇಧವನ್ನು ಬದಿಗೊತ್ತಿ ಸ್ಟೈನ್‌ವೇ ಮೇಲೆಯೇ ಕಛೇರಿ ನಡೆಯಿತು. ಪತ್ರಿಕೆಗಳಲ್ಲಿ ಬಿರುಗಾಳಿ ಎದ್ದಿತು, ವಿಚಾರಣೆಯಾಯಿತು, ಥಾಮಸ್ ಅವರ ಮೇಲೆ ವಾದ್ಯ ಕಂಪೆನಿಗಳ ಕೈಗೊಂಬೆ ಎಂಬ ದೂಷಣೆ ಬಂತು. ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟು ಹೊರನಡೆದರು.

ಈ ಪ್ರಸಂಗದಲ್ಲಿ ಪಾದೆರೆವ್ಸ್ಕಿ ಅವರನ್ನು ಜಾಹೀರಾತಿನ ಗುಲಾಮ ಎನ್ನುವುದು ಕಷ್ಟ. ಕೈಗೆ ಹೊಂದುವ ವಾದ್ಯಕ್ಕಾಗಿ ಹಠ ಹಿಡಿಯುವುದು ವಾದಕನ ಹಕ್ಕು. ಆದರೆ ಆ ಹಠಕ್ಕೆ ವಾದ್ಯದ ಗುಣ ಎಷ್ಟು ಕಾರಣ, ಒಪ್ಪಂದ ಎಷ್ಟು ಕಾರಣ ಎಂದು ಕೇಳುಗ ಬೇರ್ಪಡಿಸಲಾರದ ಹಂತಕ್ಕೆ ಆಗಲೇ ವಿಷಯ ಬಂದಿತ್ತು. ಹೊಗಳಿಕೆಗೆ ಬೆಲೆ ಕಟ್ಟಿದ ಮೇಲೆ ನಿಜವಾದ ಮೆಚ್ಚುಗೆಯೂ ಸಂಶಯಕ್ಕೆ ಒಳಗಾಗುತ್ತದೆ. ಥಾಮಸ್ ತೆತ್ತ ದಂಡ ಅದೇ.

ಅಷ್ಟರಲ್ಲಿ ಪಾದೆರೆವ್ಸ್ಕಿ ಎಂಬುದು ವ್ಯಕ್ತಿಯ ಹೆಸರಾಗಿ ಮಾತ್ರ ಉಳಿದಿರಲಿಲ್ಲ. ಕೆದರಿದ ಕೆಂಬಣ್ಣದ ಕೂದಲಿನ ಆ ತಲೆ ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಸಾಬೂನು, ಮಿಠಾಯಿ, ಆಟಿಕೆಗಳಿಗೂ ಆ ಹೆಸರು ಅಂಟಿಕೊಂಡಿತು. ರೈಲು ನಿಲ್ದಾಣಗಳಲ್ಲಿ ಜನ ಮುತ್ತುತ್ತಿದ್ದರು. ಅವರು 1880ರ ದಶಕದಲ್ಲಿ ರಚಿಸಿದ ಮಿನುಯೆಟ್ ಎಂಬ ಪುಟ್ಟ ಕೃತಿಯನ್ನು ಪಿಯಾನೊ ಇದ್ದ ಮನೆಯ ಹೆಣ್ಣುಮಕ್ಕಳೆಲ್ಲ ಕಲಿಯುತ್ತಿದ್ದರು. ಗಳಿಸಿದ್ದನ್ನು ಕೈಬಿಚ್ಚಿ ಕೊಡುವುದರಲ್ಲಿಯೂ ಅವರು ಹಿಂದುಳಿಯಲಿಲ್ಲ. ಅಮೆರಿಕದ ಸಂಗೀತ ರಚನಕಾರರಿಗೆ ಬಹುಮಾನ ನೀಡಲು 1896ರಲ್ಲಿ 10,000 ಡಾಲರ್‌ಗಳ ನಿಧಿ ಸ್ಥಾಪಿಸಿದರು. ಅದರ ಧರ್ಮದರ್ಶಿಗಳಲ್ಲಿ ಒಬ್ಬರು ವಿಲಿಯಂ ಸ್ಟೈನ್‌ವೇ. ದಾನದ ಜೊತೆಗೂ ವಾದ್ಯ ಕಂಪೆನಿಯ ಹೆಸರು ಬಂದೇ ಬಂತು.

ಕಾಲಿನಿಂದ ನುಡಿಸುವ ಪಿಯಾನೊ

ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಪಿಯಾನೊ ಬಾರದವರಿಗೂ ಪಿಯಾನೊ ನುಡಿಸುವ ಯಂತ್ರವೊಂದು ಮಾರುಕಟ್ಟೆಗೆ ಬಂತು. ಅದೇ ಪಿಯಾನೋಲಾ. ಎಡ್ವಿನ್ ವೋಟಿ ಎಂಬಾತ ರೂಪಿಸಿದ ಇದನ್ನು ಇಯೋಲಿಯನ್ ಕಂಪೆನಿ 250 ಡಾಲರ್‌ಗೆ ಮಾರುತ್ತಿತ್ತು. ಅಂದಿನ ಸಾಮಾನ್ಯ ಕಾರ್ಮಿಕನಿಗೆ ಅದು ಅರ್ಧ ವರ್ಷದ ದುಡಿಮೆ. ಬೀರುವಿನಂಥ ಒಂದು ಪೆಟ್ಟಿಗೆಯನ್ನು ಪಿಯಾನೊದ ಮುಂದೆ ತಳ್ಳಿ ನಿಲ್ಲಿಸಬೇಕು. ಅದರೊಳಗೆ ರಂಧ್ರಗಳಿರುವ ಕಾಗದದ ಸುರುಳಿ. ಎದುರು ಕುಳಿತವನು ಹೊಲಿಗೆ ಯಂತ್ರ ತುಳಿಯುವಂತೆ ಕಾಲಿನಿಂದ ತಿದಿ ತುಳಿದರೆ ಸುರುಳಿ ಸರಿಯುತ್ತದೆ. ರಂಧ್ರ ಬಂದಲ್ಲಿ ಗಾಳಿಯ ಒತ್ತಡದಿಂದ ಮರದ ಬೆರಳುಗಳು ಕೀಲಿಗಳನ್ನು ಒತ್ತುತ್ತವೆ. ಸ್ವರಗಳೇನೋ ತಪ್ಪುವುದಿಲ್ಲ. ಗತಿ ಮತ್ತು ಭಾವ ಮಾತ್ರ ತುಳಿಯುವವನ ಪಾಲಿಗೆ.

ಈ ಯಂತ್ರಕ್ಕೂ ಪಾದೆರೆವ್ಸ್ಕಿ ಪ್ರಶಂಸೆ ದೊರೆಯಿತು. ಅವರ ಮನೆಯಲ್ಲೇ ಪಿಯಾನೋಲಾ ಇದೆ ಎಂದು ಕಂಪೆನಿ ಸಾರಿತು. ನಂತರ ಮೆಟ್ರೋಸ್ಟೈಲ್ ಎಂಬ ಸುಧಾರಣೆ ಬಂತು. ಕಾಗದದ ಸುರುಳಿಯ ಮೇಲೆ ಅಂಕುಡೊಂಕಾದ ಕೆಂಪು ಗೆರೆಯೊಂದನ್ನು ಮುದ್ರಿಸಿರುತ್ತಾರೆ. ಕೈಯಲ್ಲಿನ ಮುಳ್ಳನ್ನು ಆ ಗೆರೆಯ ಗುಂಟ ಸರಿಸುತ್ತ ಹೋದರೆ ಸಂಗೀತದ ವೇಗ ಅದರಂತೆಯೇ ಏರಿಳಿಯುತ್ತದೆ. ಆ ಗೆರೆಯನ್ನು ಕಲಾವಿದರೇ ಗುರುತಿಸಿದ್ದಾರೆ, ಆದ್ದರಿಂದ ಮನೆಯ ಪಡಸಾಲೆಯಲ್ಲಿ ಕೇಳಿಸುವುದು ಸಾಕ್ಷಾತ್ ಪಾದೆರೆವ್ಸ್ಕಿ ಭಾವವೇ ಎಂಬುದು ಮಾರಾಟಗಾರರ ವಾದ.

ಇಲ್ಲಿ ಆ ಸಹಿಯನ್ನು ನಂಬುವುದು ಕಷ್ಟವಾಗುತ್ತದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮೊದಲಿನಿಂದ ಬೆರಳು ತಿದ್ದಿಕೊಂಡವರು, ರಾತ್ರಿಯಿಡೀ ಮಳಿಗೆಯಲ್ಲಿ ಕುಳಿತು ಸಾಧನೆ ಮಾಡಿದವರು, ಗಾಯಗೊಂಡ ಬೆರಳಿನೊಡನೆ ವರ್ಷಗಟ್ಟಲೆ ಹೆಣಗಿದವರು, ಯಾವ ಸಾಧನೆಯೂ ಬೇಡ, ಕಾಲಿನಿಂದ ತುಳಿದರೆ ಸಾಕು ಎನ್ನುವ ಪೆಟ್ಟಿಗೆಗೆ ತಮ್ಮ ಮೆಚ್ಚುಗೆಯ ಮುದ್ರೆ ಒತ್ತಿದರು. ಒಂದು ಕುತೂಹಲದ ಆಟಿಕೆಯಾಗಿ ಅವರಿಗೆ ಅದು ಹಿಡಿಸಿರಲೂಬಹುದು. ಜಾಹೀರಾತು ಹೇಳಿದ್ದು ಮಾತ್ರ ಅದನ್ನಲ್ಲ, ಕಲೆಯ ಸಂಪೂರ್ಣತೆಯ ಮಾತನ್ನು.

1906ರಲ್ಲಿ ಅವರು ಜರ್ಮನಿಯ ವೆಲ್ಟೆ ಸಂಸ್ಥೆಗೂ ಪಿಯಾನೊ ಸುರುಳಿಗಳನ್ನು ನುಡಿಸಿಕೊಟ್ಟರು. ವೆಲ್ಟೆ-ಮಿನ್ಯೋನ್ ಯಂತ್ರ ಪಿಯಾನೋಲಾಕ್ಕಿಂತ ಬಹಳ ಮುಂದಿತ್ತು. ವಾದಕ ಎಲ್ಲಿ ಒತ್ತಿದ, ಎಲ್ಲಿ ಮೆದುವಾದ ಎಂಬುದನ್ನೂ ಅದು ದಾಖಲಿಸಿ, ಯಾರೂ ತುಳಿಯದೆ ತಾನೇ ಮರುನುಡಿಸುತ್ತಿತ್ತು. ಸಂಸ್ಥೆಯ ಪಟ್ಟಿಯಲ್ಲಿ ಯೂರೋಪಿನ ದೊಡ್ಡ ವಾದಕರೆಲ್ಲರ ಹೆಸರಿದ್ದವು, ಶಿಷ್ಯನ ಹೆಸರಿನ ಜೊತೆ ಗುರು ಲೆಶೆಟಿಟ್ಸ್ಕಿ ಹೆಸರೂ ಸೇರಿ. ಪೈಪೋಟಿಯಲ್ಲಿದ್ದ ಎರಡು ಸ್ವಯಂಚಾಲಿತ ಯಂತ್ರಗಳು ಈಗ ಒಬ್ಬನೇ ಕಲಾವಿದನ ಹೆಸರಿನಲ್ಲಿ ಗಿರಾಕಿಯನ್ನು ಕರೆಯುತ್ತಿದ್ದವು.

ವೆಬರ್ ಪತ್ರದ ಹಿನ್ನೆಲೆ ಇದು. ವೆಬರ್ ಪಿಯಾನೊ ಕಂಪೆನಿಯನ್ನು ಪಿಯಾನೋಲಾ ತಯಾರಿಸುತ್ತಿದ್ದ ಇಯೋಲಿಯನ್ ಸಮೂಹ ತನ್ನೊಳಗೆ ಸೇರಿಸಿಕೊಂಡಿತ್ತು. ಸ್ಟೈನ್‌ವೇ ಹೆಸರಿಗೆ ಸಮನಾದ ಪ್ರತಿಷ್ಠೆ ಅದಕ್ಕೆ ಬೇಕಿತ್ತು. ಅದನ್ನು ತಂದುಕೊಡಬಲ್ಲವರೆಂದರೆ ಸ್ಟೈನ್‌ವೇ ಹೆಸರಿನೊಡನೆ ಬೆಸೆದುಹೋಗಿದ್ದ ವ್ಯಕ್ತಿಯೇ. ಪಾದೆರೆವ್ಸ್ಕಿ ಅವರ ಸ್ಥಿತಿಯೂ ಆಗ ಚೆನ್ನಾಗಿರಲಿಲ್ಲ. 1905ರಲ್ಲಿ ಸಿರಕ್ಯೂಸ್ ಬಳಿ ನಡೆದ ರೈಲು ಅಪಘಾತದ ನಂತರ ನರಗಳು ದಣಿದು, ಪಿಯಾನೊ ಕಂಡರೇ ಬೇಸರ ಬರುವ ಹಂತ ತಲುಪಿದ್ದರು. ಅಂಥವರು 1907–08ರ ಋತುವನ್ನು ವೆಬರ್ ಮೇಲೆ ನುಡಿಸಿ, ತಮ್ಮ ನರಗಳೂ ಸ್ನಾಯುಗಳೂ ಬಂದ ದಿನದಷ್ಟೇ ಚುರುಕಾಗಿವೆ ಎಂಬ ಪತ್ರಕ್ಕೆ ಸಹಿ ಹಾಕಿದರು. ಇದೇ ಮೊದಲ ಬಾರಿ ಆಯಾಸವಾಗಿಲ್ಲ ಎಂಬ ಮಾತಿನಲ್ಲಿ ಹಳೆಯ ಸ್ಟೈನ್‌ವೇ ಪ್ರವಾಸಗಳಿಗೆ ನೇರ ಏಟಿತ್ತು. ರಾಚೆಸ್ಟರ್‌ನ ಗಾಯ ನೆನಪಿದ್ದವರಿಗೆ ಆ ಏಟು ಸುಳ್ಳೆನಿಸಲಾರದು. ಆದರೆ ಅದನ್ನು ಪೂರ್ತಿ ನಂಬುವಂತೆಯೂ ಇಲ್ಲ. ವೆಬರ್ ನಿಜಕ್ಕೂ ಅಂಥ ಸಂಜೀವಿನಿಯಾಗಿದ್ದರೆ ಅವರು ಅದನ್ನು ಬಿಡುತ್ತಿರಲಿಲ್ಲ. ಬಿಟ್ಟರು. ಮುಂದೆ ಸ್ಟೈನ್‌ವೇ ಕಡೆಗೇ ಮರಳಿದರು.

ಅಮೆರಿಕದಲ್ಲಿ 1909ರ ಒಂದೇ ವರ್ಷ 3.6 ಲಕ್ಷಕ್ಕೂ ಹೆಚ್ಚು ಪಿಯಾನೊಗಳು ತಯಾರಾದವು. ಈ ಅಂಕಿಯನ್ನು ಕಂಡರೆ ಸಹಿಯೊಂದಕ್ಕೆ ಇಷ್ಟೊಂದು ಹೋರಾಟ ಏಕೆ ನಡೆಯಿತೆಂದು ಅರ್ಥವಾಗುತ್ತದೆ.

ಕಲ್ಕತ್ತಾ, ಮೈಸೂರು, ಮೋರ್ಜ್

ಗ್ರಾಮಫೋನ್ ವಿಷಯದಲ್ಲಿ ಮಾತ್ರ ಪಾದೆರೆವ್ಸ್ಕಿ ಬಹುಕಾಲ ಹಿಂಜರಿದರು. ಧ್ವನಿಮುದ್ರಣ ಯಂತ್ರ ಅಂದು ಪಿಯಾನೊದ ನಾದವನ್ನು ತೆಳುವಾಗಿಸುತ್ತಿತ್ತು. ಕೊನೆಗೆ 1911ರಲ್ಲಿ ಸ್ವಿಟ್ಜರ್ಲೆಂಡಿನ ಮೋರ್ಜ್ ಪಟ್ಟಣದ ಬಳಿಯಿದ್ದ ಅವರ ನಿವಾಸಕ್ಕೇ ಯಂತ್ರ ಹೊತ್ತು ಬಂದ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಅವರನ್ನು ಒಪ್ಪಿಸಿದರು. ಈ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಗಾಯನ ಮುದ್ರಿಸಿಕೊಂಡವರು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲೇ ನಿಧನರಾದರೆಂಬುದು ಕನ್ನಡಿಗರಿಗೆ ತಿಳಿದ ಸಂಗತಿ. ಆಕೆಯ ಚಿತ್ರ ಬೆಂಕಿಪೊಟ್ಟಣಗಳ ಮೇಲೂ ಬಂದಿತ್ತು. ಕಲಾವಿದರ ಮುಖದ ವ್ಯಾಪಾರದಲ್ಲಿ ಕಲ್ಕತ್ತಾ ಮತ್ತು ನ್ಯೂಯಾರ್ಕ್ ಅಷ್ಟೇನೂ ದೂರವಿರಲಿಲ್ಲ.

ಹೆಸರು ದೇಶಕ್ಕೆ ಮೀಸಲಾದಾಗ

ಪಾದೆರೆವ್ಸ್ಕಿ ತಮ್ಮ ಗಳಿಕೆಯ ದೊಡ್ಡ ಪಾಲನ್ನು ಇಲ್ಲದ ದೇಶವೊಂದಕ್ಕೆ ಸುರಿದರು. ಟ್ಯೂಟಾನಿಕ್ ಸೇನಾನಿಗಳನ್ನು ಪೋಲಿಷ್ ಪಡೆಗಳು ಸೋಲಿಸಿದ ಗ್ರುನ್‌ವಾಲ್ಡ್ ಯುದ್ಧದ 500ನೇ ವರ್ಷಕ್ಕೆ, 1910ರಲ್ಲಿ, ಕ್ರಾಕೋವ್ ನಗರಕ್ಕೆ ಭವ್ಯ ಸ್ಮಾರಕ ಕೊಡುಗೆಯಾಗಿ ನೀಡಿದರು. ಮೊದಲ ಮಹಾಯುದ್ಧ ಸ್ಫೋಟಿಸಿ ಪೋಲಿಷ್ ನೆಲವೇ ರಣರಂಗವಾದಾಗ, ಕಾದಂಬರಿಕಾರ ಹೆನ್ರಿಕ್ ಸೆಂಕೇವಿಚ್ ಜೊತೆ ಸಂತ್ರಸ್ತರ ಪರಿಹಾರ ಸಮಿತಿ ಕಟ್ಟಿ, 1915ರಲ್ಲಿ ಅಮೆರಿಕಕ್ಕೆ ಹೊರಟರು.

ಅಲ್ಲಿ ಅವರು ಮುನ್ನೂರಕ್ಕೂ ಹೆಚ್ಚು ಭಾಷಣ ಮಾಡಿದರು. ಮೊದಲು ಪೋಲೆಂಡ್ ಕುರಿತು ಮಾತು, ನಂತರ ಶೋಪಿನ್ ಸಂಗೀತ. ಸಭಾಂಗಣಗಳು ತುಂಬಿದವು. ತುಂಬಿಸಿದ್ದು ಪೋಲೆಂಡ್ ಎಂಬ ಪದವಲ್ಲ, ಅದನ್ನು ಭೂಪಟದಲ್ಲಿ ತೋರಿಸಬಲ್ಲವರೇ ಸಭಿಕರಲ್ಲಿ ಕಡಿಮೆ. ತುಂಬಿಸಿದ್ದು ಪಾದೆರೆವ್ಸ್ಕಿ ಎಂಬ ಹೆಸರು. ಆ ಹೆಸರನ್ನು ಅಮೆರಿಕದ ಮೂಲೆಮೂಲೆಯ ಪಡಸಾಲೆಗೆ ಮುಟ್ಟಿಸಿದವರಲ್ಲಿ ಅವರ ಕಛೇರಿಗಳಷ್ಟೇ ಸ್ಟೈನ್‌ವೇ, ಇಯೋಲಿಯನ್, ವೆಬರ್‌ಗಳ ಇಪ್ಪತ್ತೈದು ವರ್ಷಗಳ ಜಾಹೀರಾತುಗಳೂ ಸೇರಿದ್ದವು. ಅವರ ಕಛೇರಿಯನ್ನು ಎಂದೂ ಕೇಳದ ರೈತನೂ ಪತ್ರಿಕೆಯಲ್ಲಿ ಆ ತಲೆಗೂದಲನ್ನು ಕಂಡಿದ್ದ.

ಈ ಬಾರಿ ಅವರು ಶಿಫಾರಸು ಮಾಡುತ್ತಿದ್ದ ವಿಷಯದಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಹಣ ಬರುವ ಬದಲು ಹೋಗುತ್ತಿತ್ತು. ಅಧ್ಯಕ್ಷ ವುಡ್ರೊ ವಿಲ್ಸನ್ ಅವರ ಆಪ್ತ ಸಲಹೆಗಾರ ಕರ್ನಲ್ ಹೌಸ್ ಅವರ ಸ್ನೇಹ ಗಳಿಸಿದ ಪಾದೆರೆವ್ಸ್ಕಿ, 1917ರ ಜನವರಿಯಲ್ಲಿ ಅವರ ಕೋರಿಕೆಯಂತೆ ಪೋಲೆಂಡ್ ಕುರಿತ ಮನವಿಪತ್ರ ಸಿದ್ಧಪಡಿಸಿದರು. ಅದೇ ತಿಂಗಳ 22ರಂದು ವಿಲ್ಸನ್ ಸೆನೆಟ್‌ನಲ್ಲಿ ಮಾಡಿದ ಭಾಷಣದಲ್ಲಿ ಸ್ವತಂತ್ರ ಪೋಲೆಂಡ್‌ನ ಪ್ರಸ್ತಾಪ ಬಂತು. 1918ರ ಜನವರಿ 8ರ ಪ್ರಸಿದ್ಧ ಹದಿನಾಲ್ಕು ಅಂಶಗಳಲ್ಲಿ ಹದಿಮೂರನೆಯದು ಅದೇ.

1918ರ ಡಿಸೆಂಬರ್ 26ರಂದು ಪೊಜ್ನಾನ್ ನಗರಕ್ಕೆ ಬಂದಿಳಿದಾಗ ಜನಸಾಗರ ಸ್ವಾಗತಿಸಿತು. ಮರುದಿನವೇ ಅಲ್ಲಿ ಜರ್ಮನ್ ಆಡಳಿತದ ವಿರುದ್ಧ ಬಂಡಾಯ ಭುಗಿಲೆದ್ದಿತು. 1919ರ ಜನವರಿಯಲ್ಲಿ ಪ್ರಧಾನಿ ಹಾಗೂ ವಿದೇಶಾಂಗ ಸಚಿವರಾದರು. ಜೂನ್ 28ರಂದು ರೋಮನ್ ಡ್ಮೋವ್ಸ್ಕಿ ಜೊತೆ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದರು. ಆಡಳಿತ ಅವರಿಗೆ ಒಗ್ಗಲಿಲ್ಲ. ಗಡಿ ವಿವಾದ, ಹಸಿವು, ಪಕ್ಷಗಳ ಕಚ್ಚಾಟದ ನಡುವೆ ವರ್ಷಾಂತ್ಯಕ್ಕೆ ಅಧಿಕಾರ ಕಳೆದುಕೊಂಡರು.

1922ರಲ್ಲಿ, 62ನೇ ವಯಸ್ಸಿನಲ್ಲಿ, ಅವರು ಕಾರ್ನೆಗಿ ಸಭಾಂಗಣಕ್ಕೆ ಮರಳಿದರು. ವಾದ್ಯ ಸ್ಟೈನ್‌ವೇ. ವೆಬರ್ ಪತ್ರವನ್ನು ಯಾರೂ ಕೆದಕಲಿಲ್ಲ. ಅಷ್ಟರಲ್ಲಿ ಸ್ಟೈನ್‌ವೇ ಜಾಹೀರಾತಿನ ಧಾಟಿಯೂ ಬದಲಾಗಿತ್ತು. ರೇಮಂಡ್ ರೂಬಿಕಾಮ್ ಎಂಬ ಯುವ ಜಾಹೀರಾತು ಬರಹಗಾರ ಅದನ್ನು ಅಮರರ ವಾದ್ಯ ಎಂದು ಬಣ್ಣಿಸಿದ್ದ. ಪ್ರಶಂಸಾಪತ್ರದ ಉದ್ದುದ್ದ ಸಾಲುಗಳ ಬದಲು ಮಹಾನ್ ವಾದಕರ ಹೆಸರು, ವರ್ಣಚಿತ್ರಗಳೇ ಸಾಕಾದವು. ಇಯೋಲಿಯನ್ ಕಂಪೆನಿಯ ಡ್ಯುಯೊ-ಆರ್ಟ್ ಎಂಬ ಹೊಸ ಯಂತ್ರಕ್ಕೂ ಪಾದೆರೆವ್ಸ್ಕಿ ಸುರುಳಿಗಳನ್ನು ನುಡಿಸಿದರು. ಆ ಯಂತ್ರವನ್ನು ಸ್ಟೈನ್‌ವೇ ಪಿಯಾನೊದೊಳಗೇ ಅಳವಡಿಸಿ ಮಾರಲಾಗುತ್ತಿತ್ತು. ಹಳೆಯ ಪ್ರತಿಸ್ಪರ್ಧಿಗಳು ತಾವೇ ರಾಜಿಯಾದ ಮೇಲೆ ಕಲಾವಿದನ ಹಳೆಯ ಮಾತುಗಳನ್ನು ಎತ್ತಿ ತೋರಿಸಲು ಯಾರಿಗೂ ಲಾಭವಿರಲಿಲ್ಲ.

ರೇಡಿಯೊ ಮತ್ತು 1929ರ ಆರ್ಥಿಕ ಕುಸಿತ ಸ್ವಯಂಚಾಲಿತ ಪಿಯಾನೊಗಳ ಕಥೆಯನ್ನು ಮುಗಿಸಿದವು. ಎರಡನೇ ಪತ್ನಿ ಹೆಲೆನಾ 1934ರಲ್ಲಿ ತೀರಿಕೊಂಡರು. 1937ರಲ್ಲಿ ತೆರೆಕಂಡ ಮೂನ್‌ಲೈಟ್ ಸೊನಾಟಾ ಎಂಬ ಇಂಗ್ಲಿಷ್ ಚಲನಚಿತ್ರದಲ್ಲಿ ವೃದ್ಧ ಪಾದೆರೆವ್ಸ್ಕಿ ತಾವೇ ತಾವಾಗಿ ಕಾಣಿಸಿಕೊಂಡರು. ಆ ದೃಶ್ಯಗಳಲ್ಲಿ ಬೆರಳುಗಳ ವೇಗ ಕುಗ್ಗಿದ್ದರೂ ಕೂತ ಗತ್ತು ಹಾಗೇ ಇದೆ. 1939ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಾವಿರಾರು ಮಂದಿ ಕಾದಿದ್ದಾಗ ಅಸ್ವಸ್ಥತೆಯಿಂದ ಕಛೇರಿ ರದ್ದಾಯಿತು. ಸೆಪ್ಟೆಂಬರಿನಲ್ಲಿ ಪೋಲೆಂಡ್ ಮತ್ತೆ ಹಂಚಿಹೋಯಿತು. ಎಂಬತ್ತು ವರ್ಷದ ಮುದುಕ ಮತ್ತೊಮ್ಮೆ ಅಮೆರಿಕಕ್ಕೆ ಬಂದು ತನ್ನ ದೇಶದ ಪರ ಮಾತನಾಡುತ್ತಲೇ 1941ರ ಜೂನ್ 29ರಂದು ನ್ಯೂಯಾರ್ಕಿನಲ್ಲಿ ಕೊನೆಯುಸಿರೆಳೆದರು.

ಅವರ ದೇಹವನ್ನು ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಇರಿಸಲಾಯಿತು. ಪೋಲೆಂಡ್ ಸ್ವತಂತ್ರವಾದ ಮೇಲೆ ಸ್ವದೇಶಕ್ಕೆ ಒಯ್ಯುವುದೆಂಬ ನಿರ್ಧಾರದಂತೆ, ಐವತ್ತೊಂದು ವರ್ಷ ಕಾದು, 1992ರಲ್ಲಿ ವಾರ್ಸಾದ ಸಂತ ಜಾನ್ ಮಹಾ ದೇಗುಲಕ್ಕೆ ಸ್ಥಳಾಂತರಿಸಲಾಯಿತು. ಹೃದಯ ಮಾತ್ರ ಪೆನ್ಸಿಲ್ವೇನಿಯಾ ರಾಜ್ಯದ ಡೋಯ್ಲ್ಸ್‌ಟೌನ್ ಪಟ್ಟಣದ ಪೋಲಿಷ್ ಯಾತ್ರಾಸ್ಥಳದಲ್ಲಿದೆ.